ಮರು ಎಣಿಕೆಯ ತೀರ್ಪು ಅವಧಿ ಮುಗಿಯುವ ಮೊದಲೇ ಬರಲಿ

ಒಂದು ಮತದ ಬೆಲೆಯನ್ನು ನಂಜನಗೂಡು, ಟಿ. ನರಸೀಪುರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಇದೇ ಧ್ರುವನಾರಾಯಣ 2019ರಲ್ಲಿ, ಈ ಎರಡೂ ತಾಲ್ಲೂಕುಗಳು ಸೇರಿರುವ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು.

ಗೆಲುವು ಕೂದಲೆಳೆಯಷ್ಟಿದ್ದಾಗ ಸೋತವರು ಮರು ಎಣಿಕೆ ಕೇಳುವುದು ಸಹಜ. ಫಲಿತಾಂಶ ಘೋಷಣೆಗೆ ಮೊದಲಾದರೆ ಚುನಾವಣಾಧಿಕಾರಿಗೆ ಲಿಖಿತ ಅರ್ಜಿ ಕೊಡಬಹುದು. ಘೋಷಣೆಯಾದ ಮೇಲೆ ನ್ಯಾಯಾಲಯವೇ ಗತಿ: ಶಾಸಕ, ಸಂಸದರ ಆಯ್ಕೆಯ ತಕರಾರನ್ನು 45 ದಿನಗಳೊಳಗೆ ಹೈಕೋರ್ಟ್‌ಗೆ ಒಯ್ಯಬೇಕು. ಅಂತರ ಕಡಿಮೆ ಎಂಬುದೊಂದೇ ಕಾರಣಕ್ಕೆ ಅಲ್ಲಿ ಮರು ಎಣಿಕೆ ಸಿಗುವುದಿಲ್ಲ. ಎಣಿಕೆಯಲ್ಲಿ ಎಲ್ಲಿ, ಏನು ತಪ್ಪಾಯಿತೆಂದು ಅರ್ಜಿದಾರ ಸ್ಪಷ್ಟವಾಗಿ ಹೇಳಬೇಕು. ಮತದ ಗೋಪ್ಯತೆ ಉಳಿಯಲು ಈ ಬಿಗಿ ಬೇಕೇ ಬೇಕು.

ಬೇಡವಾದದ್ದು ವಿಳಂಬ.

ಕೋಲಾರ ಜಿಲ್ಲೆಯ ಮಾಲೂರನ್ನೇ ನೋಡಿ. 2023ರ ಮೇ 13ರಂದು ಕಾಂಗ್ರೆಸ್‌ನ ಕೆ.ವೈ. ನಂಜೇಗೌಡ 248 ಮತಗಳಿಂದ ಗೆದ್ದರು. ಬಿಜೆಪಿಯ ಕೆ.ಎಸ್. ಮಂಜುನಾಥ ಗೌಡ ಹೈಕೋರ್ಟ್ ಮೆಟ್ಟಿಲೇರಿದರು. ಆಯ್ಕೆಯನ್ನು ರದ್ದುಪಡಿಸಿ ಮರು ಎಣಿಕೆಗೆ ಆದೇಶ ಬಂದದ್ದು 2025ರ ಸೆಪ್ಟೆಂಬರ್ 16ರಂದು, 28 ತಿಂಗಳ ಬಳಿಕ. ಎಣಿಕೆಯ ವಿಡಿಯೊ ಕಾಪಾಡದ ಬಗ್ಗೆಯೂ ನ್ಯಾಯಾಲಯ ಕ್ರಮಕ್ಕೆ ಸೂಚಿಸಿತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ಶಾಸಕತ್ವ ಸದ್ಯಕ್ಕೆ ಉಳಿಯಲಿ, ಎಣಿಕೆ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಬರಲಿ ಎಂದು ಅಕ್ಟೋಬರ್ 14ರಂದು ಅದು ಹೇಳಿತು. ನವೆಂಬರ್ 11ರಂದು ಮತ್ತೆ ಎಣಿಕೆ ನಡೆಯುವಾಗ ಐದು ವರ್ಷದ ಅವಧಿಯಲ್ಲಿ ಅರ್ಧ ಕಳೆದುಹೋಗಿತ್ತು.

ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದ್ದೂ ಇದೇ ಕಥೆ. 2022ರ ನವೆಂಬರ್‌ನಲ್ಲಿ ಸರಪಂಚ, ಅಂದರೆ ಗ್ರಾಮ ಪಂಚಾಯಿತಿ ಮುಖ್ಯಸ್ಥರ ಚುನಾವಣೆಯಲ್ಲಿ ಸೋತರೆಂದು ಘೋಷಿತರಾಗಿದ್ದ ಮೋಹಿತ್ ಕುಮಾರ್ ಹೋರಾಟ ಬಿಡಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟ್ ಮತಯಂತ್ರಗಳನ್ನೇ ದೆಹಲಿಗೆ ತರಿಸಿ, 2025ರ ಆಗಸ್ಟ್ 6ರಂದು ಕ್ಯಾಮೆರಾ ಮುಂದೆ ಎಣಿಸಿತು. ಮೋಹಿತ್‌ಗೆ 1,051, ಎದುರಾಳಿಗೆ 1,000. ಅವರೇ ಸರಪಂಚರೆಂದು ಆಗಸ್ಟ್ 11ರಂದು ತೀರ್ಪಾಯಿತು. ನ್ಯಾಯ ಸಿಕ್ಕಿತು ನಿಜ. ಆದರೆ ಊರಿನವರು ಆರಿಸದ ವ್ಯಕ್ತಿ ಎರಡೂಮುಕ್ಕಾಲು ವರ್ಷ ಅಧಿಕಾರ ನಡೆಸಿದ್ದಕ್ಕೆ ಪರಿಹಾರವೇನು?

ಚುನಾವಣಾ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಆ ಮಾತು ಪುಸ್ತಕದಲ್ಲೇ ಉಳಿಯಬಾರದು. ಹೈಕೋರ್ಟ್‌ಗಳು ಇಂಥ ಅರ್ಜಿಗಳನ್ನು ದಿನವಹಿ ವಿಚಾರಿಸಲಿ. ತಕರಾರು ಇತ್ಯರ್ಥವಾಗುವವರೆಗೆ ಎಣಿಕೆಯ ವಿಡಿಯೊ ಜೋಪಾನವಾಗಿರಲಿ. ಕಳೆದುಹೋದರೆ ಅಧಿಕಾರಿಯೇ ಹೊಣೆಯಾಗಲಿ. ಸರದಿಯಲ್ಲಿ ನಿಂತು ಮತ ಹಾಕಿದವರಿಗೆ, ತಮ್ಮ ಪ್ರತಿನಿಧಿ ಯಾರೆಂದು ಮೊದಲ ವರ್ಷದಲ್ಲೇ ಖಚಿತವಾಗಿ ತಿಳಿಯುವ ಹಕ್ಕಿದೆ. ಅದನ್ನು ಸಂಸತ್ತು, ನ್ಯಾಯಾಲಯ, ಚುನಾವಣಾ ಆಯೋಗ ಮೂರೂ ಸೇರಿ ಉಳಿಸಿಕೊಡಬೇಕು.