ಬಿಸಿನೆಸ್ ಕ್ಲಾಸ್: ಹೆಸರು ಒಂದೇ, ಆಸನ ಬೇರೆ ಬೇರೆ

2025ರ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಸಾಬೂನು, ಟೂತ್‌ಪೇಸ್ಟ್, ಸಣ್ಣ ಕಾರುಗಳ ತೆರಿಗೆ ಇಳಿಸಿದ ಸುದ್ದಿಯ ಸಂಭ್ರಮದಲ್ಲಿ ಮತ್ತೊಂದು ತೀರ್ಮಾನ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ವಿಮಾನದ ಎಕಾನಮಿ ದರ್ಜೆಯ ಟಿಕೆಟ್ ಮೇಲಿನ ಶೇ 5ರ ತೆರಿಗೆ ಹಾಗೆಯೇ ಉಳಿಯಿತು. ಉಳಿದೆಲ್ಲ ದರ್ಜೆಗಳ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತು. ಅದೇ ತಿಂಗಳ 22ರಿಂದ ಇದು ಜಾರಿಗೆ ಬಂದಿದೆ. ಉಳ್ಳವರ ಮೇಲೆ ಹೆಚ್ಚು ತೆರಿಗೆ ಹಾಕಿದರೆ ಯಾರಿಗೂ ಬೇಸರವಿಲ್ಲ ಎಂಬ ಲೆಕ್ಕಾಚಾರ ಸರ್ಕಾರದ್ದಾಗಿರಬಹುದು. ಆದರೆ ಈ ಹೆಚ್ಚಳದ ಹೊರೆ ನಿಜವಾಗಿ ಬೀಳುವುದು ಯಾರ ಮೇಲೆ ಎಂಬುದನ್ನು ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ.

ಕಂಪನಿಯ ಕೆಲಸಕ್ಕಾಗಿ ಹಾರುವ ಅಧಿಕಾರಿಯ ಟಿಕೆಟ್ ಮೇಲಿನ ತೆರಿಗೆಯನ್ನು ಆ ಕಂಪನಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರೂಪದಲ್ಲಿ ತನ್ನ ಲೆಕ್ಕಕ್ಕೆ ಹೊಂದಿಸಿಕೊಳ್ಳಬಹುದು. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಎಪ್ಪತ್ತು ದಾಟಿದ ತಂದೆತಾಯಿಯನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಮಗನಿಗೆ ಆ ಸೌಲಭ್ಯವಿಲ್ಲ. ಮೂಲದರ 2 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಮೊದಲು 24 ಸಾವಿರ ರೂಪಾಯಿ ಇದ್ದ ತೆರಿಗೆ ಈಗ 36 ಸಾವಿರ ರೂಪಾಯಿ. ವ್ಯವಹಾರದ ಹೆಸರು ಹೊತ್ತ ದರ್ಜೆಯಲ್ಲಿ ವ್ಯವಹಾರದವರಿಗೆ ತಟ್ಟದ ಬಿಸಿ ಕುಟುಂಬದವರಿಗೆ ತಟ್ಟುತ್ತದೆ. ಎಕಾನಮಿಗಿಂತ ಸ್ವಲ್ಪ ಹೆಚ್ಚು ಕಾಲು ಚಾಚಲು ಜಾಗವಿರುವ ‘ಪ್ರೀಮಿಯಂ ಎಕಾನಮಿ’ಯೂ ಇದೇ ಶೇ 18ರ ಬಲೆಗೆ ಬಿದ್ದಿದೆ ಎಂಬುದು ಗಮನಾರ್ಹ.

ಮಂಡಿನೋವು, ಬೆನ್ನುನೋವು ಇರುವ ಹಿರಿಯರು ಹದಿನಾಲ್ಕು, ಹದಿನಾರು ಗಂಟೆ ಕುಳಿತೇ ಪ್ರಯಾಣಿಸಲಾರರು ಎಂಬ ಕಾರಣಕ್ಕೆ ಸಾಲದ ಕಂತಿನ ನಡುವೆಯೂ ಮಕ್ಕಳು ಈ ಟಿಕೆಟ್ ಕೊಳ್ಳುತ್ತಿದ್ದಾರೆ. ಇವರು ಮೊದಲ ಬಾರಿಗೆ, ಪ್ರಾಯಶಃ ಒಂದೇ ಬಾರಿಗೆ, ವಿಮಾನದ ಮುಂಭಾಗದಲ್ಲಿ ಕೂರುವವರು. ಅಷ್ಟು ಹಣಕ್ಕೆ ಏನು ದೊರೆಯುತ್ತದೆ, ದೊರೆಯದಿದ್ದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಹೆಚ್ಚು ತಟ್ಟುವುದು ಇವರಿಗೇ.

ಈ ದರ್ಜೆ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ರಿಯಾಯಿತಿ ಟಿಕೆಟ್‌ಗಳ ಕಾಲ ಆರಂಭವಾದಾಗ, ಪೂರ್ಣ ದರ ತೆತ್ತು ಎಕಾನಮಿಯಲ್ಲಿ ಕೂರುತ್ತಿದ್ದ ವ್ಯವಹಾರಸ್ಥರು ಅರ್ಧ ದರದವರ ಪಕ್ಕದಲ್ಲಿ ಕೂರಲು ಗೊಣಗತೊಡಗಿದರು. ಅವರನ್ನು ಸಮಾಧಾನಪಡಿಸಲು ಒಂದು ಪರದೆ ಎಳೆದು ಪ್ರತ್ಯೇಕ ಕೊಠಡಿ ಮಾಡಲಾಯಿತು. ಆಗ ಸಿಗುತ್ತಿದ್ದುದು ಸ್ವಲ್ಪ ಅಗಲವಾದ ಕುರ್ಚಿ ಮತ್ತು ಉಚಿತ ಪಾನೀಯ, ಅಷ್ಟೇ. ಮಲಗುವ ಹಾಸಿಗೆ ಬಂದದ್ದು 2000ದಲ್ಲಿ, ಬ್ರಿಟಿಷ್ ಏರ್‌ವೇಸ್ ತನ್ನ ಕ್ಲಬ್ ವರ್ಲ್ಡ್ ದರ್ಜೆಯಲ್ಲಿ ಪೂರ್ತಿ ಚಪ್ಪಟೆಯಾಗುವ ಆಸನಗಳನ್ನು ಅಳವಡಿಸಿದಾಗ. 2017ರಲ್ಲಿ ಕತಾರ್ ಏರ್‌ವೇಸ್ ತನ್ನ ‘ಕ್ಯೂಸ್ವೀಟ್’ಗೆ ಬಾಗಿಲನ್ನೂ ಇಟ್ಟಿತು. ಅಲ್ಲಿಂದ ಮುಂದೆ ನಡೆದದ್ದು ಪೈಪೋಟಿ.

ಬೆಂಗಳೂರಿಗೂ ಈ ಪೈಪೋಟಿಯಲ್ಲಿ ಒಂದು ಪಾಲಿದೆ. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಹಾಸಿಗೆಯಾಗುವ ಆಸನಗಳ ವಿಮಾನ ಹಾರಿಸಿ ಸುದ್ದಿ ಮಾಡಿತ್ತು. ಆ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. 2012ರಲ್ಲಿ ಸಂಸ್ಥೆಯೇ ನೆಲ ಕಚ್ಚಿತು, ಸಂಬಳ ಬಾರದ ನೌಕರರು ಬೀದಿಗೆ ಬಂದರು.

ವಿಮಾನ ಸಂಸ್ಥೆಗಳಿಗೆ ಈ ಆಸನಗಳ ಮೇಲೆ ಇಷ್ಟು ಮಮತೆ ಏಕೆ? ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘಟನೆಯ (ಐಎಟಿಎ) ಅಂಕಿಅಂಶದಂತೆ 2024ರಲ್ಲಿ ವಿದೇಶ ಪ್ರಯಾಣ ಮಾಡಿದವರಲ್ಲಿ ಮೇಲ್ದರ್ಜೆಗಳವರು ಶೇ 6ರಷ್ಟು ಮಾತ್ರ, ಸುಮಾರು 11.69 ಕೋಟಿ ಮಂದಿ. ಆದರೆ ಆದಾಯದಲ್ಲಿ ಅವರ ಪಾಲು ಈ ಸಂಖ್ಯೆಯ ಹಲವು ಪಟ್ಟು. ದೂರದ ಮಾರ್ಗವೊಂದು ಲಾಭ ತರುವುದೋ ನಷ್ಟ ತರುವುದೋ ಎಂಬುದನ್ನು ಮುಂಭಾಗದ ಕೆಲವೇ ಸಾಲುಗಳು ನಿರ್ಧರಿಸುವುದೂ ಉಂಟು.

ಇಲ್ಲಿಯೇ ಗ್ರಾಹಕರಿಗೆ ತೊಡಕು. ‘ಬಿಸಿನೆಸ್ ಕ್ಲಾಸ್’ ಎಂಬ ಎರಡು ಪದಗಳಿಗೆ ಒಂದೇ ಅರ್ಥವಿಲ್ಲ. ಏರ್ ಇಂಡಿಯಾವನ್ನೇ ತೆಗೆದುಕೊಳ್ಳಬಹುದು. ಅದರ ಹೊಸ ಏರ್‌ಬಸ್ ಎ350ಯಲ್ಲಿ ಬಾಗಿಲುಳ್ಳ 28 ಆಸನಗಳು 1-2-1 ಕ್ರಮದಲ್ಲಿವೆ. ಯಾರೂ ಯಾರನ್ನೂ ದಾಟದೆ ಓಣಿಗೆ ಬರಬಹುದು. (2024ರ ಜನವರಿ 22ರಂದು ಈ ವಿಮಾನದ ಮೊದಲ ವಾಣಿಜ್ಯ ಹಾರಾಟ ನಡೆದದ್ದು ಬೆಂಗಳೂರಿನಿಂದ ಮುಂಬೈಗೆ.) ಅದೇ ಸಂಸ್ಥೆಯ ಹಳೆಯ ವಿನ್ಯಾಸದ ಬೋಯಿಂಗ್ 787-8ರಲ್ಲಿ 18 ಆಸನಗಳು, 2-2-2 ಕ್ರಮ. ಹಳೆಯ ವಿನ್ಯಾಸದ 777ರಲ್ಲಿ 2-3-2. ಅಂದರೆ ಬಿಸಿನೆಸ್ ದರ ತೆತ್ತೂ ನಡುವಿನ ಆಸನದಲ್ಲಿ ಸಿಲುಕಿಕೊಳ್ಳುವ ಸಾಧ್ಯತೆ. 2022ರ ಜನವರಿಯಲ್ಲಿ ಟಾಟಾ ಸಮೂಹಕ್ಕೆ ಮರಳಿದ ಮೇಲೆ ಸಂಸ್ಥೆ ಅದೇ ವರ್ಷದ ಡಿಸೆಂಬರ್‌ನಲ್ಲಿ 40 ಕೋಟಿ ಡಾಲರ್ ವೆಚ್ಚದ ನವೀಕರಣ ಪ್ರಕಟಿಸಿತು. ಜಾಗತಿಕವಾಗಿ ಆಸನಗಳ ಪೂರೈಕೆಯೇ ವಿಳಂಬವಾದ್ದರಿಂದ ಮೊದಲ 787-8 ಕ್ಯಾಲಿಫೋರ್ನಿಯಾದ ಕಾರ್ಯಾಗಾರಕ್ಕೆ ಹೋದದ್ದು 2025ರ ಜುಲೈನಲ್ಲಿ. ಹೀಗಾಗಿ ಒಂದೇ ಸಂಸ್ಥೆಯ ಎರಡು ವಿಮಾನಗಳ ನಡುವೆ ಅಜಗಜಾಂತರ.

ವಿದೇಶಿ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಎಮಿರೇಟ್ಸ್‌ನ ಎ380ಯಲ್ಲಿ ಪ್ರತಿ ಆಸನಕ್ಕೂ ಓಣಿಯಿದೆ, ಹಿಂಬದಿಯಲ್ಲಿ ಬಾರ್ ಕೂಡ ಇದೆ. ನವೀಕರಣಗೊಳ್ಳದ ಅದರ 777ರಲ್ಲಿ ಅದೇ 2-3-2. ಇಂಡಿಗೊ 2025ರ ಜುಲೈನಲ್ಲಿ ಮುಂಬೈನಿಂದ ಆಮ್‌ಸ್ಟರ್‌ಡಾಮ್ ಮತ್ತು ಮ್ಯಾಂಚೆಸ್ಟರ್‌ಗೆ ಸೇವೆ ಆರಂಭಿಸಿದ್ದು ನಾರ್ವೆಯ ನಾರ್ಸ್ ಸಂಸ್ಥೆಯಿಂದ ಗುತ್ತಿಗೆ ಪಡೆದ 787-9 ವಿಮಾನಗಳಲ್ಲಿ. ‘ಸ್ಟ್ರೆಚ್’ ಎಂಬ ಹೆಸರಿನ ಅಲ್ಲಿನ ಮುಂಭಾಗದ 56 ಆಸನಗಳು ಹಿಂದಕ್ಕೆ ಚೆನ್ನಾಗಿ ಬಾಗುತ್ತವೆಯೇ ಹೊರತು ಹಾಸಿಗೆಯಾಗುವುದಿಲ್ಲ. ದರ ಅದಕ್ಕೆ ತಕ್ಕಂತಿದ್ದರೆ ತಪ್ಪೇನಿಲ್ಲ. ಆದರೆ ಮಲಗಿ ಹೋಗಬಹುದೆಂದು ನಂಬಿ ಕೊಂಡವರಿಗೆ ಇದು ತಿಳಿಯುವುದು ವಿಮಾನದ ಒಳಗೆ ಕಾಲಿಟ್ಟ ಮೇಲಾದರೆ ಕಷ್ಟ.

ಟಿಕೆಟ್ ಕಾದಿರಿಸುವಾಗ ಸಂಸ್ಥೆಯ ಹೆಸರಿಗಿಂತ ವಿಮಾನದ ಮಾದರಿ ಮತ್ತು ಆಸನ ನಕ್ಷೆಯನ್ನು ನೋಡುವುದು ಆದ್ದರಿಂದ ಜಾಣತನ. ನಡುವೆ ವಿಮಾನ ಬದಲಿಸುವ ಪ್ರಯಾಣದಲ್ಲಿ ಎರಡೂ ಹಂತಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನಾಲ್ಕು ಗಂಟೆಯ ಗಲ್ಫ್ ಹಂತಕ್ಕೆ ಉತ್ತಮ ಆಸನ, ಹದಿನಾಲ್ಕು ಗಂಟೆಯ ಮುಂದಿನ ಹಂತಕ್ಕೆ ಹಳೆಯ ಆಸನ ಬಂದರೆ ಕೊಟ್ಟ ಹಣ ವ್ಯರ್ಥ. ಇತ್ತೀಚಿನ ವರ್ಷಗಳಲ್ಲಿ ದರಗಳನ್ನೂ ತುಂಡು ಮಾಡಿ ಮಾರಲಾಗುತ್ತಿದೆ. ಎಮಿರೇಟ್ಸ್ 2019ರಲ್ಲಿ, ಫಿನ್‌ಏರ್ 2021ರಲ್ಲಿ ಆರಂಭಿಸಿದ ಕಡಿಮೆ ದರದ ಬಿಸಿನೆಸ್ ಟಿಕೆಟ್‌ಗಳಲ್ಲಿ ಲೌಂಜ್ ಪ್ರವೇಶವೇ ಇರಲಿಲ್ಲ. ಅಗ್ಗವೆಂದು ಕಂಡದ್ದರಲ್ಲಿ ಏನೇನು ಕಡಿತವಾಗಿದೆ ಎಂದು ಓದಿ ನೋಡದೆ ಹಣ ಕಟ್ಟುವುದು ಸಲ್ಲದು.

ಲೌಂಜ್ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತಿವೆ. ಅಲ್ಲಿನ ಲೌಂಜ್ ವಿಶಾಲವಾಗಿಯೇ ಇದೆ. ಆದರೆ ಕ್ರೆಡಿಟ್ ಕಾರ್ಡ್ ಹಿಡಿದು ಬರುವವರೂ ಸೇರುವುದರಿಂದ ದೇಶದ ಯಾವ ನಿಲ್ದಾಣದಲ್ಲೂ ಲೌಂಜ್ ಈಗ ಏಕಾಂತದ ತಾಣವಾಗಿ ಉಳಿದಿಲ್ಲ. ಯುರೋಪಿನ ಕಡೆಗೆ ಬೆಂಗಳೂರಿನಿಂದ ಹೊರಡುವ ಹಲವು ವಿಮಾನಗಳು ನಡುರಾತ್ರಿಯ ನಂತರದವು. ಮೂರು ಗಂಟೆಯ ಜಾವದಲ್ಲಿ ಬಿಳಿ ಮೇಜುವಸ್ತ್ರ ಹಾಸಿ ಬಡಿಸುವ ಊಟಕ್ಕೆ ಕಾಯುವುದಕ್ಕಿಂತ ಲೌಂಜ್‌ನಲ್ಲೇ ಮೊಸರನ್ನ ಮುಗಿಸಿ, ವಿಮಾನ ಏರಿದೊಡನೆ ಹಾಸಿಗೆ ಬಿಡಿಸಿಕೊಳ್ಳುವುದೇ ಲೇಸು. ಕೊಟ್ಟ ಹಣದ ನಿಜವಾದ ಪ್ರತಿಫಲ ನಿದ್ರೆ.

ಊಟದ ಬಗ್ಗೆ ಮತ್ತೊಂದು ಮಾತು. ಯುರೋಪಿನ ಸಂಸ್ಥೆಗಳಲ್ಲಿ ಬರಿಯ ‘ವೆಜಿಟೇರಿಯನ್’ ಎಂದರೆ ಬೇಯಿಸಿದ ತರಕಾರಿ ಮತ್ತು ಚೀಸ್ ಬರಬಹುದು. ನಮ್ಮ ರುಚಿಯ ಊಟ ಬೇಕೆಂದವರು ‘ಏಷ್ಯನ್ ವೆಜಿಟೇರಿಯನ್’ ಅಥವಾ ‘ಜೈನ್’ ಊಟವನ್ನು ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮೊದಲೇ ತಿಳಿಸಬೇಕಾಗುತ್ತದೆ. ಇದಕ್ಕೆ ಬಿಸಿನೆಸ್ ದರ್ಜೆ ಬೇಕಿಲ್ಲ, ಎಕಾನಮಿಯಲ್ಲೂ ಸಿಗುತ್ತದೆ. ಗಾಲಿಕುರ್ಚಿಯೂ ಅಷ್ಟೇ. ನಡೆಯಲಾಗದ ಹಿರಿಯರಿಗೆ ಅದು ಯಾವ ದರ್ಜೆಯಲ್ಲಾದರೂ ಉಚಿತವಾಗಿ ದೊರೆಯಬೇಕಾದ ನೆರವು. ಗಾಲಿಕುರ್ಚಿಗಾಗಿಯೇ ಬಿಸಿನೆಸ್ ಟಿಕೆಟ್ ಕೊಳ್ಳಬೇಕೆಂಬ ನಂಬಿಕೆ ಆಧಾರರಹಿತ.

ದರ್ಜೆ ಬದಲಾದರೂ ಬದಲಾಗದ ಕೆಲವು ಸಂಗತಿಗಳಿವೆ. ಒಳಗಿನ ಗಾಳಿಯ ಒತ್ತಡ ವಿಮಾನದ ಮೂತಿಯಿಂದ ಬಾಲದವರೆಗೆ ಒಂದೇ. ಹಳೆಯ ವಿಮಾನಗಳಲ್ಲಿ ಅದು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ, 787 ಮತ್ತು ಎ350ಗಳಲ್ಲಿ ಸುಮಾರು 6,000 ಅಡಿ. ಹೃದಯ ಮತ್ತು ಶ್ವಾಸಕೋಶದ ತೊಂದರೆ ಇರುವವರಿಗೆ ದರ್ಜೆಯಷ್ಟೇ ವಿಮಾನದ ಮಾದರಿಯೂ ಮುಖ್ಯ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ‘ಎಕಾನಮಿ ಕ್ಲಾಸ್ ರೋಗ’ ಎನ್ನುವುದೂ ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ನಾಲ್ಕು ಗಂಟೆ ಮೀರಿದ ಪ್ರಯಾಣದ ಬಳಿಕ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಮೂಲ ಕಾರಣ ಅಲುಗಾಡದೆ ಇರುವುದು. ಕಾರು, ಬಸ್ಸು, ರೈಲಿನಲ್ಲೂ ಹೀಗಾಗಬಹುದು. ಮೆತ್ತನೆಯ ಆಸನದಲ್ಲಿ ಎಂಟು ಗಂಟೆ ಕದಲದೆ ಒರಗಿದವರಿಗೂ ವಿನಾಯಿತಿಯಿಲ್ಲ. ಇನ್ನು ಅಮೆರಿಕದಲ್ಲಿ ಇಳಿದ ಮೇಲೆ ವಲಸೆ ಅಧಿಕಾರಿಯ ಮುಂದಿನ ಸಾಲು ಎಲ್ಲರಿಗೂ ಒಂದೇ. ಮೊದಲು ಇಳಿಯುವುದರಿಂದ ಸಾಲಿನ ಮುಂದಿರಬಹುದು, ಅಷ್ಟು ಮಾತ್ರ.

ಪರಿಸರದ ಲೆಕ್ಕವೂ ಇದೆ. ಒಂದು ಹಾಸಿಗೆ ಆಕ್ರಮಿಸುವ ಜಾಗದಲ್ಲಿ ಎಕಾನಮಿಯ ಹಲವರು ಕೂರಬಹುದಾದ್ದರಿಂದ, ಬಿಸಿನೆಸ್ ಪ್ರಯಾಣಿಕನ ಪಾಲಿನ ಇಂಗಾಲದ ಹೊರೆ ಎಕಾನಮಿಯವನ ಸುಮಾರು ಮೂರು ಪಟ್ಟು ಎಂದು 2013ರ ವಿಶ್ವ ಬ್ಯಾಂಕ್ ಅಧ್ಯಯನ ಅಂದಾಜು ಮಾಡಿತ್ತು. ನಮ್ಮಲ್ಲಿ ಈ ಚರ್ಚೆ ನಡೆದದ್ದು ಕಡಿಮೆ. ನಡೆದದ್ದು ಬೇರೆಯೇ ಚರ್ಚೆ. 2009ರಲ್ಲಿ ಕೇಂದ್ರ ಸರ್ಕಾರ ಮಿತವ್ಯಯದ ಹೆಸರಿನಲ್ಲಿ ಸಚಿವರನ್ನು ಎಕಾನಮಿಗೆ ತಳ್ಳಿದಾಗ, ವಿದೇಶಾಂಗ ಸಚಿವ ಎಸ್.ಎಂ. ಕೃಷ್ಣ ಅವರು ಪಂಚತಾರಾ ಹೋಟೆಲ್ ವಾಸ ಬಿಡಬೇಕಾಯಿತು. ಅವರ ಸಹಾಯಕ ಸಚಿವ ಶಶಿ ತರೂರ್ ಎಕಾನಮಿಯನ್ನು ‘ಜಾನುವಾರು ದರ್ಜೆ’ ಎಂಬರ್ಥದಲ್ಲಿ ಟ್ವಿಟರ್‌ನಲ್ಲಿ ಚಟಾಕಿ ಹಾರಿಸಿ ಕ್ಷಮೆ ಕೇಳಬೇಕಾಯಿತು. ಆ ಮಿತವ್ಯಯ ಎಷ್ಟು ದಿನ ನಡೆಯಿತು ಎಂದು ಕೇಳುವುದು ಬೇಡ.

ಕೊಟ್ಟ ಹಣಕ್ಕೆ ತಕ್ಕ ಸೇವೆ ಸಿಗದಿದ್ದರೆ? ಬಿಸಿನೆಸ್ ಟಿಕೆಟ್ ಇದ್ದವರನ್ನು ಎಕಾನಮಿಗೆ ಇಳಿಸಿದರೆ ನೀಡಬೇಕಾದ ಪರಿಹಾರವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2023ರ ಫೆಬ್ರುವರಿ 15ರಿಂದ ನಿಗದಿ ಮಾಡಿದೆ. ದೇಶದೊಳಗಿನ ಹಾರಾಟವಾದರೆ ತೆರಿಗೆ ಸೇರಿ ಟಿಕೆಟ್ ದರದ ಶೇ 75 ವಾಪಸು. ವಿದೇಶ ಪ್ರಯಾಣದಲ್ಲಿ 1,500 ಕಿ.ಮೀ.ವರೆಗೆ ಶೇ 30, 3,500 ಕಿ.ಮೀ.ವರೆಗೆ ಶೇ 50, ಅದಕ್ಕೂ ಹೆಚ್ಚಿನ ದೂರಕ್ಕೆ ಶೇ 75. ಯುರೋಪ್ ಒಕ್ಕೂಟದ ನಿಯಮದಲ್ಲೂ ಇದೇ 30, 50, 75ರ ಮೆಟ್ಟಿಲುಗಳಿವೆ. ಬೆಂಗಳೂರಿನಿಂದ ಯುರೋಪ್, ಅಮೆರಿಕ ಎರಡೂ ಕೊನೆಯ ಮೆಟ್ಟಿಲಿನಲ್ಲೇ ಬರುತ್ತವೆ. ಕೌಂಟರ್‌ನಲ್ಲಿ ನೀಡುವ ವೋಚರ್ ಅಥವಾ ಮೈಲುಗಳಿಗೆ ಒಪ್ಪಿ ಸಹಿ ಹಾಕುವ ಮೊದಲು ಈ ಅಂಕಿಗಳು ನೆನಪಿರಬೇಕು.

ಆದರೆ ಈ ನಿಯಮ ನೋಡುವುದು ದರ್ಜೆಯನ್ನು, ಆಸನವನ್ನಲ್ಲ. ಬಾಗಿಲುಳ್ಳ ಹಾಸಿಗೆ ತೋರಿಸಿ ಮಾರಿದ ವಿಮಾನದ ಬದಲು ಕೊನೆಗಳಿಗೆಯಲ್ಲಿ ಹಳೆಯ 2-3-2 ವಿಮಾನ ಬಂದು ನಿಂತರೂ, ಅಥವಾ ಬಾಗದೆ ಕೆಟ್ಟು ನಿಂತ ಆಸನ ಸಿಕ್ಕರೂ, ಕಾಗದದ ಮೇಲೆ ಪ್ರಯಾಣಿಕ ಬಿಸಿನೆಸ್ ದರ್ಜೆಯಲ್ಲೇ ಇರುತ್ತಾನೆ. ವಿಮಾನ ಬದಲಿಸುವ ಹಕ್ಕನ್ನು ಸಂಸ್ಥೆಗಳು ಷರತ್ತುಗಳಲ್ಲಿ ಮೊದಲೇ ಕಾದಿರಿಸಿಕೊಂಡಿರುತ್ತವೆ. ಉಳಿಯುವುದು ಗ್ರಾಹಕ ಆಯೋಗದ ದಾರಿ. 2024ರಲ್ಲಿ ಹೈದರಾಬಾದಿನ ಜಿಲ್ಲಾ ಗ್ರಾಹಕ ಆಯೋಗ, ವಿದ್ಯುತ್‌ಚಾಲಿತ ಆಸನ ಕೆಲಸ ಮಾಡದೆ ರಾತ್ರಿಯಿಡೀ ಎಚ್ಚರವಿದ್ದು ಪ್ರಯಾಣಿಸಬೇಕಾದ ದಂಪತಿಗೆ ವಿದೇಶಿ ಸಂಸ್ಥೆಯೊಂದು 2 ಲಕ್ಷ ರೂಪಾಯಿಗೂ ಮೀರಿದ ಮೊತ್ತ ನೀಡಬೇಕೆಂದು ಆದೇಶಿಸಿತು. ಸಂಸ್ಥೆ ಮೊದಲು ಕೊಡಲು ಮುಂದಾಗಿದ್ದುದು ತಲಾ 10,000 ಮೈಲುಗಳನ್ನು. ದೂರು ಕೊಟ್ಟವರು ತೆಲಂಗಾಣದ ಅಂದಿನ ಪೊಲೀಸ್ ಮಹಾನಿರ್ದೇಶಕರು. ಅಷ್ಟು ದೊಡ್ಡ ಹುದ್ದೆಯವರೇ ಆಯೋಗದ ಮೆಟ್ಟಿಲೇರಬೇಕಾಯಿತು ಎಂದರೆ ಶಿವಮೊಗ್ಗದ ನಿವೃತ್ತ ಶಿಕ್ಷಕರ ಪಾಡೇನು ಎಂಬ ಪ್ರಶ್ನೆ ಸಹಜ.

ಆಸನ ಕೆಟ್ಟಿದ್ದರೆ ಹಾರಾಟ ಮುಗಿಯುವ ಮೊದಲೇ ಸಿಬ್ಬಂದಿಯಿಂದ ಲಿಖಿತವಾಗಿ ದಾಖಲಿಸಿಕೊಳ್ಳುವುದು, ಚಿತ್ರ ತೆಗೆದುಕೊಳ್ಳುವುದು, ಬೋರ್ಡಿಂಗ್ ಪಾಸ್ ಎಸೆಯದಿರುವುದು ಇಂಥ ದೂರಿಗೆ ಆಧಾರ. ವಯಸ್ಸಾದವರಿಗೆ ಇದನ್ನು ಹೊರಡುವ ಮುನ್ನವೇ ಮಕ್ಕಳು ಹೇಳಿಕೊಡಬೇಕು. ತೆರಿಗೆಯನ್ನು ಶೇ 18ಕ್ಕೆ ಏರಿಸುವಾಗ ದರ್ಜೆಯನ್ನು ಅಷ್ಟು ಸ್ಪಷ್ಟವಾಗಿ ಗುರುತಿಸಿದ ಸರ್ಕಾರ, ಆ ದರ್ಜೆಯಲ್ಲಿ ಕನಿಷ್ಠ ಯಾವ ಆಸನ ಇರಬೇಕು, ಮಾರುವಾಗ ಅದನ್ನು ಹೇಗೆ ತಿಳಿಸಬೇಕು ಎಂಬುದನ್ನೂ ಡಿಜಿಸಿಎ ಮೂಲಕ ಗೊತ್ತುಪಡಿಸುವುದು ಕಷ್ಟದ ಕೆಲಸವೇನಲ್ಲ. ಟಿಕೆಟ್ ಮೇಲೆ ವಿಮಾನದ ಮಾದರಿಯ ಜೊತೆ ‘ಹಾಸಿಗೆಯಾಗುವ ಆಸನ’ ಅಥವಾ ‘ಒರಗುವ ಆಸನ’ ಎಂದು ಮುದ್ರಿಸಿ, ಅದು ಬದಲಾದರೆ ದರದ ಇಷ್ಟು ಪಾಲು ವಾಪಸು ಎಂದು 2023ರ ನಿಯಮಕ್ಕೆ ಒಂದು ಸಾಲು ಸೇರಿಸಿದರೂ ಸಾಕು.