ನಿಷ್ಠೆಗೆ ಎರಡು ತೂಕದ ಕಲ್ಲು

ನಮ್ಮ ಪಕ್ಷದವನು ಹಗಲಿರುಳು ಬಾವುಟ ಹಿಡಿದು ತಿರುಗಿದರೆ ಅವನು ನಿಷ್ಠಾವಂತ. ಎದುರು ಪಕ್ಷದವನು ಅದನ್ನೇ ಮಾಡಿದರೆ ಅಂಧಾಭಿಮಾನಿ. ನಮ್ಮವನು ಪಟ್ಟು ಬಿಡದಿದ್ದರೆ ಛಲಗಾರ, ಅವರವನು ಹಠಮಾರಿ. ನಮ್ಮ ಸಂಘ ಬಿಟ್ಟು ಹೋದವನು ದ್ರೋಹಿ, ಅವರದನ್ನು ಬಿಟ್ಟು ಬಂದವನು ಕಣ್ಣು ತೆರೆದವನು! ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು ಇಡುವ ಅಂಗಡಿಯನ್ನು ಪೇಟೆಯಲ್ಲಿ ಯಾರೂ ನಂಬರು. ಮಾತಿನ ಪೇಟೆಯಲ್ಲಿ ಮಾತ್ರ ಈ ವ್ಯಾಪಾರ ನಿರಾತಂಕವಾಗಿ ನಡೆದಿದೆ.

ಈ ಕಳ್ಳತೂಕದಿಂದ ಮೊದಲು ಪೆಟ್ಟು ತಿನ್ನುವವನು ಬಡವ. 1951ರಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರು ದೊಡ್ಡ ಕೊಳಗದಲ್ಲಿ ಗೇಣಿ ಅಳೆಯಬಾರದೆಂದು ಎದುರು ನಿಂತರು. ಅಳತೆ ಸರಿಯಾಗಿರಲಿ ಎಂಬುದಷ್ಟೇ ಅವರ ಬೇಡಿಕೆ. ಅಂಥವರನ್ನು ಹಠಮಾರಿಗಳೆನ್ನುವುದು ಒಡೆಯರಿಗೆ ಎಂದೂ ಸುಲಭ. ಕೂಲಿ ಕೇಳುವ ಕಾರ್ಮಿಕನಿಗೂ ಇದೇ ಬಿರುದು ಕಾದಿರುತ್ತದೆ. ಗೇಟಿಗೆ ಬೀಗ ಹಾಕಿ ಕೂರುವ ಮಾಲೀಕನದು ಮಾತ್ರ 'ದೃಢತೆ'! ಆದ್ದರಿಂದ ಯಾರಾದರೂ ನಮ್ಮನ್ನು ಅತಿರೇಕಿಗಳೆಂದರೆ ಅಂಜಬೇಕಾದ್ದಿಲ್ಲ.

ಹಾಗೆಂದು ನಮ್ಮ ತಕ್ಕಡಿ ಸರಿಯಾಗಿದೆಯೆಂದು ಎದೆ ತಟ್ಟಿಕೊಳ್ಳುವಂತೆಯೂ ಇಲ್ಲ. ಇಂಗ್ಲಿಷಿನಲ್ಲಿ ಇಂಥವನಿಗೆ 'ಫೆನಾಟಿಕ್' ಎನ್ನುತ್ತಾರೆ. ಅದರ ಬೇರು ಲ್ಯಾಟಿನ್ನಿನ 'ಫಾನುಮ್', ಅಂದರೆ ಗುಡಿ. ಮೈಮೇಲೆ ದೇವರು ಬಂದವನಿಗಿದ್ದ ಹೆಸರು ಅದು. ಮೈಮೇಲೆ ಬಂದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಕೇಳಿದರೂ ಅವನು ಉತ್ತರಿಸುವುದಿಲ್ಲ. ನಮ್ಮ 'ಭಕ್ತ' ಶಬ್ದದ ಬೇರು ಬೇರೆ. ಅದು 'ಭಜ್' ಧಾತುವಿನಿಂದ ಬಂದದ್ದು, ಅದರ ಮೂಲ ಅರ್ಥ ಹಂಚುವುದು, ಪಾಲುಗೊಳ್ಳುವುದು. 'ಭಾಗ', 'ವಿಭಾಗ'ಗಳೂ ಅದೇ ಬಳ್ಳಿಯ ಕುಡಿಗಳು. ಪಾಲುದಾರನಾದವನಿಗೆ ಲೆಕ್ಕ ಕೇಳುವ ಹಕ್ಕಿದೆ. ಇದನ್ನು ಮರೆತ ಭಕ್ತಿ ಏನಾಗುತ್ತದೆಂದು ಡಾ. ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾದೀತು, ರಾಜಕೀಯದಲ್ಲಿ ಮಾತ್ರ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂಬುದು ಅವರ ಮಾತಿನ ಸಾರ.

ಸಮಾಜವಾದಿಗಳು ಈ ಪರೀಕ್ಷೆಯನ್ನು ತಮ್ಮ ಮನೆಯಲ್ಲೇ ಎದುರಿಸಿದ್ದಾರೆ. 1954ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸಮಾಜವಾದಿ ಪಕ್ಷದ್ದೇ ಸರ್ಕಾರ, ಪಟ್ಟಂ ಥಾಣು ಪಿಳ್ಳೆಯವರೇ ಮುಖ್ಯಮಂತ್ರಿ. ತಮಿಳು ಪ್ರದೇಶಗಳು ಮದರಾಸಿಗೆ ಸೇರಬೇಕೆಂದು ಚಳವಳಿ ಹೂಡಿದವರ ಮೇಲೆ ಆಗಸ್ಟಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ ರಾಮಮನೋಹರ ಲೋಹಿಯಾ ನೈನಿ ಜೈಲಿನಲ್ಲಿದ್ದರು. ತಮ್ಮದೇ ಪಕ್ಷದ ಸರ್ಕಾರ ರಾಜೀನಾಮೆ ಕೊಡಬೇಕೆಂದು ಅವರು ಅಲ್ಲಿಂದಲೇ ಕೇಳಿದರು. ಕಾಂಗ್ರೆಸ್ ಸರ್ಕಾರ ಗುಂಡು ಹಾರಿಸಿದರೆ ಖಂಡಿಸುವವರು ತಮ್ಮ ಸರ್ಕಾರದ ಗುಂಡನ್ನು ಬೇರೆ ಕಲ್ಲಿನಲ್ಲಿ ತೂಗಬಹುದೇ? ಪಕ್ಷ ಒಪ್ಪಲಿಲ್ಲ. 1955ರಲ್ಲಿ ಪಕ್ಷ ಒಡೆಯಿತು. ಆ ಒಡಕಿನ ನಷ್ಟ ಸಣ್ಣದಲ್ಲ, ಅದನ್ನು ಮುಚ್ಚಿಡುವುದೂ ಬೇಡ. ಆದರೆ ಧ್ಯೇಯಕ್ಕೆ ನಿಷ್ಠನಾದವನಾರು, ಕುರ್ಚಿಗೆ ನಿಷ್ಠನಾದವನಾರು ಎಂಬುದು ಅಂದು ಬಯಲಾಯಿತು. ಮುಂದೆ ಅದೇ ಲೋಹಿಯಾರ ಹೆಸರನ್ನೇ ಮಂತ್ರ ಮಾಡಿ, ಪ್ರಶ್ನಿಸಿದವರ ಬಾಯಿ ಮುಚ್ಚಿಸಿದವರೂ ನಮ್ಮ ನಡುವೆ ಇದ್ದರೆಂಬುದು ಅಷ್ಟೇ ನಿಜ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಆವೇಶದ ಮಟ್ಟ ನೋಡಿ ಅಲ್ಲ. ಧ್ಯೇಯಕ್ಕಾಗಿ ಜೈಲಿಗೆ ಹೋಗುವುದು, ಉಪವಾಸ ಬೀಳುವುದು ಅಂಧತೆಯಲ್ಲ. ಅಂಥವರಿಲ್ಲದೆ ಎಂಟು ಗಂಟೆಯ ದುಡಿಮೆಯೂ ಬರುತ್ತಿರಲಿಲ್ಲ. ಲೆಕ್ಕ ಕೇಳಿದವನನ್ನು ಕಂಡರೆ ಏನು ಮಾಡುತ್ತಾನೆ ಎಂಬುದೇ ಒರೆಗಲ್ಲು. ನಿಷ್ಠಾವಂತ ಲೆಕ್ಕದ ಪುಸ್ತಕ ತೆಗೆದು ಮುಂದಿಡುತ್ತಾನೆ. ಅಂಧಾಭಿಮಾನಿ ದ್ರೋಹಿ ಎಂದು ಕೂಗುತ್ತಾನೆ.

ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಮುಂದಿನ ಸಭೆಗೆ ಬಂದಾಗ ಸಂಘದ ನಿಧಿಯ ಲೆಕ್ಕವನ್ನು ಕೇಳಲಿ. ನಾವು ಇಟ್ಟಿರುವ ಕಲ್ಲನ್ನು ಎತ್ತಿ ನೋಡಲಿ. ಹಗುರವೆಂದು ಕಂಡರೆ ತುಂಬಿದ ಸಭೆಯಲ್ಲೇ ಹೇಳಲಿ. ಅವರನ್ನು ನಾವು ದ್ರೋಹಿಗಳೆಂದು ಕರೆದ ದಿನ ಈ ಬಾವುಟವನ್ನು ನಮ್ಮ ಕೈಯಿಂದ ಕಿತ್ತುಕೊಳ್ಳಲು ಅವರಿಗೆ ಪೂರ್ಣ ಅಧಿಕಾರವಿದೆ.