ಲಾರಿ ಮಾಲೀಕರಲ್ಲಿ ಕಳಕಳಿಯ ಮನವಿ: ಬೈಪಾಸ್ ಬೇಡ, ದಾಖಲೆ ಇಡಿ

ಬಿಎಸ್-6 ಮಾಲಿನ್ಯ ಮಾನದಂಡದ ಲಾರಿಯ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತದೆ. ಅದರಲ್ಲಿರುವುದು ನೀರಿನಷ್ಟೇ ತಿಳಿಯಾದ ದ್ರವ. ತೂಕದ ಲೆಕ್ಕದಲ್ಲಿ ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಕಂಪನಿಯವರು ಅದನ್ನು ಡಿಇಎಫ್ ಎಂದೋ ಆಡ್‌ಬ್ಲೂ ಎಂದೋ ಕರೆದರೆ, ಚಾಲಕರ ಬಾಯಲ್ಲಿ ಅದು ಬರೀ ಯೂರಿಯಾ. ಈ ಟ್ಯಾಂಕಿಗೆ ಒಂದು ಹನಿ ಹಾಕದಿದ್ದರೂ ಎಲ್ಲವೂ ಸರಿಯಿದೆ ಎಂದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಸಂಕೇತ ಕಳಿಸುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಪೆಟ್ಟಿಗೆಯೊಂದು ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರ ಹೆಸರು ಎಮ್ಯುಲೇಟರ್; ಹೀಗೆ ಯೂರಿಯಾ ವ್ಯವಸ್ಥೆಯನ್ನು ತಪ್ಪಿಸುವುದೇ ಬೈಪಾಸ್. ವೈರಿಂಗಿಗೆ ಸಿಕ್ಕಿಸಿದರೆ ಯೂರಿಯಾ ಖರ್ಚು ಉಳಿಯಿತು, ಸೆನ್ಸರ್ ಕಾಟ ತಪ್ಪಿತು ಎಂಬುದು ಮಾರುವವರ ಮಾತು.

ಲಾರಿ ಮಾಲೀಕರು ಈ ಮಾತಿಗೆ ಕಿವಿಗೊಡಬಾರದು. ಅವರ ಸಂಕಟ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಸಂಕಟ ನಿಜವಾಗಿರುವುದರಿಂದಲೇ ಅದನ್ನು ವೈರಿನ ಕೆಳಗೆ ಹುಗಿಯದೆ ಕಾಗದದ ಮೇಲೆ ತರಬೇಕು.

ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಶಾಖ ವಿಪರೀತ ಏರಿದಾಗ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡುಗಳು (ನಾಕ್ಸ್) ಆಗುತ್ತವೆ. ಶ್ವಾಸನಾಳವನ್ನು ಕೆರಳಿಸುವ ಅನಿಲಗಳಿವು. ಬಿಸಿಲಿನಲ್ಲಿ ಓಝೋನ್ ಆಗುವುದಕ್ಕೂ, ಗಾಳಿಯಲ್ಲಿ ಸೂಕ್ಷ್ಮ ಕಣಗಳು ಹುಟ್ಟುವುದಕ್ಕೂ ಇವೂ ಕಾರಣ. ಇವನ್ನು ತಗ್ಗಿಸಲು ತಯಾರಕರ ಮುಂದೆ ಎರಡು ಮುಖ್ಯ ದಾರಿಗಳಿವೆ. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೇ ಬಿಟ್ಟು, ಒಳಗಿನ ಶಾಖವನ್ನು ಇಳಿಸುವುದು ಇಜಿಆರ್. ಎಂಜಿನ್ ತನ್ನ ಪಾಡಿಗೆ ಚೆನ್ನಾಗಿ ಉರಿಯಲಿ ಎಂದು ಬಿಟ್ಟು, ಹೊರಬಂದ ಹೊಗೆಗೆ ಯೂರಿಯಾ ಸಿಂಪಡಿಸಿ, ಅದರಿಂದ ಹುಟ್ಟುವ ಅಮೋನಿಯಾದ ನೆರವಿನಿಂದ ಆ ಅನಿಲವನ್ನು ಸಾರಜನಕ ಮತ್ತು ನೀರಾಗಿ ಮಾರ್ಪಡಿಸುವುದು ಎಸ್‌ಸಿಆರ್. ಮೊದಲನೆಯದರಲ್ಲಿ ಯೂರಿಯಾ ಬೇಡ, ಆದರೆ ರೇಡಿಯೇಟರಿನ ಮೇಲೆ ಭಾರ ಹೆಚ್ಚು, ಮಸಿ ಹೆಚ್ಚು. ಎರಡನೆಯದರಲ್ಲಿ ಡೀಸೆಲ್ ಉಳಿಯುತ್ತದೆ, ಆದರೆ ಟ್ಯಾಂಕ್, ಪಂಪ್, ನಾಝಲ್, ಸೆನ್ಸರ್ ಎಂದು ಕೆಡಬಹುದಾದ ಸಾಮಾನು ಜಾಸ್ತಿ. ಎರಡನ್ನೂ ಬೆರೆಸುವ ತಯಾರಕರೂ ಇದ್ದಾರೆ.

ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ಕಂಪನಿ. ಆ ತೀರ್ಮಾನ ತಪ್ಪಿದರೆ ಬೆಲೆ ತೆರುವವರು ಯಾರು? ಅಮೆರಿಕದ ನ್ಯಾವಿಸ್ಟಾರ್ ಕಂಪನಿಯ ಕಥೆಯನ್ನು ನಮ್ಮ ಲಾರಿ ಮಾಲೀಕರು ತಿಳಿಯಬೇಕಾದದ್ದು ಇದೇ ಕಾರಣಕ್ಕೆ.

ಅಮೆರಿಕದಲ್ಲಿ 2010ರಿಂದ ಭಾರಿ ಲಾರಿಗಳ ನೈಟ್ರೋಜನ್ ಆಕ್ಸೈಡ್ ಮಿತಿಯನ್ನು ತೀರಾ ಬಿಗಿ ಮಾಡಲಾಯಿತು. ಕ್ಯಾಟರ್‌ಪಿಲ್ಲರ್ ಕಂಪನಿ ರಸ್ತೆ ಲಾರಿಗಳ ಎಂಜಿನ್ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ 2008ರಲ್ಲೇ ಪ್ರಕಟಿಸಿತು. ತನ್ನ ದೊಡ್ಡ ಎಂಜಿನ್ನಿಗೆ ಇಜಿಆರ್ ಸಾಕೆಂದುಕೊಂಡಿದ್ದ ಕಮಿನ್ಸ್ ಅದೇ ವರ್ಷ ಮನಸ್ಸು ಬದಲಿಸಿ ಎಸ್‌ಸಿಆರ್ ಕಡೆ ಬಂತು. ಡೈಮ್ಲರ್, ವೋಲ್ವೊ, ಪ್ಯಾಕಾರ್ ಕೂಡ ಅದನ್ನೇ ಆರಿಸಿಕೊಂಡವು. 'ಇಂಟರ್‌ನ್ಯಾಷನಲ್' ಹೆಸರಿನ ಲಾರಿಗಳನ್ನು ತಯಾರಿಸುತ್ತಿದ್ದ ನ್ಯಾವಿಸ್ಟಾರ್ ಮಾತ್ರ ಇಜಿಆರ್ ಒಂದನ್ನೇ ನೆಚ್ಚಿಕೊಂಡಿತು. ಯೂರಿಯಾ ತುಂಬುವ ಗೋಜಿಲ್ಲ ಎಂಬುದೇ ಅದರ ದೊಡ್ಡ ಪ್ರಚಾರ. ಆದರೆ ಅದರ ಮ್ಯಾಕ್ಸ್‌ಫೋರ್ಸ್ ಎಂಜಿನ್ನುಗಳು ಹೊಸ ಮಿತಿಯೊಳಗೆ ಬರಲೇ ಇಲ್ಲ. ಹಿಂದೆ ಮಿತಿಗಿಂತ ಕಡಿಮೆ ಮಾಲಿನ್ಯ ಮಾಡಿ ಗಳಿಸಿಟ್ಟಿದ್ದ ಕ್ರೆಡಿಟ್‌ಗಳನ್ನು ಖರ್ಚು ಮಾಡುತ್ತಾ ಕಾಲ ತಳ್ಳಬೇಕಾಯಿತು. 2012ರ ಜುಲೈನಲ್ಲಿ ಕಂಪನಿ ಸೋಲೊಪ್ಪಿ ಎಸ್‌ಸಿಆರ್ ಅಳವಡಿಸುವುದಾಗಿ ಹೇಳಿತು. ಮುಂದಿನ ತಿಂಗಳೇ ಮುಖ್ಯಸ್ಥ ಡಾನ್ ಉಸ್ಟಿಯನ್ ನಿರ್ಗಮಿಸಿದರು. 2021ರಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಟ್ರೇಟನ್ ನ್ಯಾವಿಸ್ಟಾರನ್ನು ಪೂರ್ತಿಯಾಗಿ ಕೊಂಡುಕೊಂಡಿತು.

ಅಷ್ಟರಲ್ಲಿ ಆ ಲಾರಿಗಳನ್ನು ಸಾಲ ಮಾಡಿ ಕೊಂಡವರು ಗ್ಯಾರೇಜು ಅಲೆಯುತ್ತಿದ್ದರು. 2011ರಿಂದ 2014ರ ಮಾಡೆಲ್‌ಗಳ ಇಜಿಆರ್ ವ್ಯವಸ್ಥೆಯಲ್ಲೇ ದೋಷವಿತ್ತು ಎಂದು ಅವರು ಕೋರ್ಟಿಗೆ ಹೋದರು. 2019ರಲ್ಲಿ 13.5 ಕೋಟಿ ಡಾಲರಿನ ರಾಜಿಯಾಯಿತು. ಅದರ ಷರತ್ತುಗಳನ್ನು ಗಮನಿಸಬೇಕು. ದಾಖಲೆ ಇಲ್ಲದವರಿಗೆ ಒಂದು ಲಾರಿಗೆ ಗರಿಷ್ಠ 2,500 ಡಾಲರ್ ನಗದು. ರಿಪೇರಿ ಬಿಲ್ಲು ಮತ್ತಿತರ ಪುರಾವೆ ಇಟ್ಟು ನಷ್ಟ ತೋರಿಸಬಲ್ಲವರಿಗೆ ಗರಿಷ್ಠ 15,000 ಡಾಲರ್. ಒಂದೇ ಎಂಜಿನ್, ಒಂದೇ ದೋಷ; ಬಿಲ್ಲಿನ ಕಟ್ಟು ಜೋಪಾನವಾಗಿ ಇಟ್ಟುಕೊಂಡವರಿಗೆ ಆರು ಪಟ್ಟು ಹೆಚ್ಚು ಕೇಳುವ ಹಕ್ಕು.

ಭಾರತದಲ್ಲೂ ಈ ಎರಡು ದಾರಿಗಳ ಪೈಪೋಟಿ ನಡೆದಿದೆ. 2017ರ ಏಪ್ರಿಲ್‌ನಲ್ಲಿ ಬಿಎಸ್-4 ದೇಶದಾದ್ಯಂತ ಜಾರಿಯಾದಾಗ ಅಶೋಕ್ ಲೇಲ್ಯಾಂಡ್ ಐಇಜಿಆರ್ ಹೆಸರಿನಲ್ಲಿ ಯೂರಿಯಾ ಬೇಡದ ಲಾರಿಗಳನ್ನು ತಂದಿತು. ಟಾಟಾ, ಭಾರತ್‌ಬೆಂಝ್ ದೊಡ್ಡ ಲಾರಿಗಳಿಗೆ ಎಸ್‌ಸಿಆರ್ ಹಾಕಿದವು. 2020ರ ಏಪ್ರಿಲ್ 1ರಂದು ಬಿಎಸ್-5 ಮೆಟ್ಟಿಲನ್ನೇ ಹಾರಿ ಬಿಎಸ್-6 ಬಂತು. ಭಾರಿ ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡ್ ಮಿತಿ ಪ್ರತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂನಿಂದ 0.46 ಗ್ರಾಂಗೆ ಇಳಿಯಿತು. ಡೀಸೆಲ್ಲಿನ ಗಂಧಕವೂ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಅದರೊಂದಿಗೆ ದೊಡ್ಡ ಲಾರಿಗಳಲ್ಲಿ ಎಸ್‌ಸಿಆರ್ ಇಲ್ಲದೆ ಗತಿಯಿಲ್ಲವೆಂದಾಯಿತು. ಲೇಲ್ಯಾಂಡ್ ಕೂಡ 'ಮಿಡ್-ನಾಕ್ಸ್' ಎಂಬ ಮಿಶ್ರ ವ್ಯವಸ್ಥೆಗೆ ಬಂತು.

ಬಿಎಸ್-6 ಲಾರಿಗೆ ಬೈಪಾಸ್ ಮಾಡಿದರೆ ಏನಾಗುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹೊಗೆಯನ್ನು ಆಮೇಲೆ ತೊಳೆಯುತ್ತೇವೆ ಎಂಬ ಭರವಸೆಯ ಮೇಲೆಯೇ ಆ ಎಂಜಿನ್ನನ್ನು ಹೆಚ್ಚು ಶಾಖದಲ್ಲಿ ಉರಿಯುವಂತೆ ಹೊಂದಿಸಿರುತ್ತಾರೆ. ತೊಳೆಯುವ ಕೆಲಸವನ್ನೇ ನಿಲ್ಲಿಸಿದರೆ ಹೊಸ ಲಾರಿ ಹಳೆಯ ಬಿಎಸ್-4 ಲಾರಿಗಿಂತಲೂ ಹೆಚ್ಚು ನೈಟ್ರೋಜನ್ ಆಕ್ಸೈಡ್ ಉಗುಳಬಹುದು.

ಎಮಿಷನ್ ಟೆಸ್ಟಿನಲ್ಲಿ ಇದು ಸಿಕ್ಕಿಬೀಳುವುದೂ ಇಲ್ಲ. ಡೀಸೆಲ್ ಗಾಡಿಯ ತಪಾಸಣೆ ನಡೆಯುವ ರೀತಿ ಎಲ್ಲರೂ ನೋಡಿದ್ದೇ: ಸೈಲೆನ್ಸರ್ ಬಾಯಿಗೆ ಕೊಳವೆ ತೂರಿಸುತ್ತಾರೆ, ಚಾಲಕ ಆಕ್ಸಿಲರೇಟರನ್ನು ಕೆಲವು ಸಲ ಪೂರ್ತಿ ಒತ್ತಿ ಬಿಡುತ್ತಾನೆ, ಹೊಗೆ ಎಷ್ಟು ದಟ್ಟವಿದೆಯೆಂದು ಯಂತ್ರ ಅಳೆಯುತ್ತದೆ. ಮಸಿ ಹಿಡಿಯುವ ಫಿಲ್ಟರ್ ನೆಟ್ಟಗಿದ್ದರೆ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಸರ್ಟಿಫಿಕೇಟ್ ಕೈಗೆ ಬರುತ್ತದೆ. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ.

ಮಾಲೀಕರ ಕಷ್ಟ ಏನು? ಯೂರಿಯಾ ವ್ಯವಸ್ಥೆ ಕೈಕೊಟ್ಟರೆ ಎಂಜಿನ್ ಮೊದಲು ಟಾರ್ಕಿನ ಕಾಲು ಭಾಗವನ್ನು ಕಡಿತ ಮಾಡುತ್ತದೆ. ಆಮೇಲೂ ಸರಿಪಡಿಸದಿದ್ದರೆ ಲಾರಿ ಗಂಟೆಗೆ 20 ಕಿಲೋಮೀಟರಿಗೆ ಬಂದು ಕೂರುತ್ತದೆ. ಮಂಗಳೂರಿನ ಬಂದರಿನಲ್ಲಿ ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಚಾಲಕನಿಗೆ ಅರ್ಧ ಏರಿನಲ್ಲಿ ಪಿಕಪ್ ಹೋಯಿತೆಂದರೆ ಅದು ಬರೀ ತೊಂದರೆಯಲ್ಲ, ಅಪಾಯ. ಯೂರಿಯಾ ತುಂಬಿದ್ದರೂ ಸೆನ್ಸರ್ ಕೆಟ್ಟು ದೀಪ ಹೊತ್ತಿಕೊಳ್ಳುವುದುಂಟು. ಬೆಂಗಳೂರಿನ ಆಡುಗೋಡಿಯ ಮೈಕೋ ಕಂಪನಿಯ ಡೀಸೆಲ್ ಪಂಪನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಒಂದು ಕಾಲಕ್ಕೆ ಹೆದ್ದಾರಿ ಪಕ್ಕದ ಪ್ರತಿ ಊರಿನಲ್ಲೂ ಇದ್ದರು. ಅವರ ಕೈಯಲ್ಲಿ ಇಂದು ಸ್ಪ್ಯಾನರ್ ಇದೆ, ಕಂಪನಿಯ ಸ್ಕ್ಯಾನರ್ ಇಲ್ಲ. ಲಾರಿ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಬೇಕು, ಅಲ್ಲಿ ಸರದಿ ಕಾಯಬೇಕು. ಫೈನಾನ್ಸ್ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಇಷ್ಟೆಲ್ಲ ಇದ್ದರೂ ಬೈಪಾಸ್ ಬೇಡ ಎನ್ನುವುದಕ್ಕೆ ಗಾಳಿಯಷ್ಟೇ ಕಾರಣವಲ್ಲ, ಕಾನೂನಷ್ಟೇ ಕಾರಣವೂ ಅಲ್ಲ. ಬೈಪಾಸ್ ಮಾಡಿದ ಪ್ರತಿ ಲಾರಿಯೂ ಅಳಿಸಿಹಾಕಿದ ಒಂದು ದೂರು. ಸೆನ್ಸರ್ ಮೂರನೇ ಸಲ ಕೆಟ್ಟಿತು ಎಂಬ ಸುದ್ದಿ ಕಂಪನಿಯ ಲೆಕ್ಕಕ್ಕೆ ಹೋಗುವುದೇ ಇಲ್ಲ. ಕಂಪನಿಯ ಪಾಲಿಗೆ ಆ ಎಂಜಿನ್ ಚೆನ್ನಾಗಿ ಓಡುತ್ತಿದೆ, ಮುಂದಿನ ಮಾಡೆಲ್ಲಿಗೂ ಅದೇ ಸೆನ್ಸರ್ ಬರುತ್ತದೆ. ವಾರಂಟಿ ಕೇಳುವ ಹಕ್ಕನ್ನೂ ಮಾಲೀಕ ಕಳೆದುಕೊಂಡಿರುತ್ತಾನೆ. ಮೇಲಾಗಿ 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ.

ತಯಾರಕರೇ ಮೋಸ ಮಾಡಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದ್ದಾರೆ. ಪರೀಕ್ಷೆಯಲ್ಲೊಂದು, ಹೆದ್ದಾರಿಯಲ್ಲೊಂದು ರೀತಿ ವರ್ತಿಸುವ ಎಂಜಿನ್ನುಗಳನ್ನು ಮಾರಿದ ಆರೋಪದಲ್ಲಿ ಅಮೆರಿಕದಲ್ಲಿ 1998ರಲ್ಲಿ ಏಳು ತಯಾರಕರು ಸರ್ಕಾರದೊಂದಿಗೆ ಸುಮಾರು 100 ಕೋಟಿ ಡಾಲರಿನ ಒಪ್ಪಂದಕ್ಕೆ ಬರಬೇಕಾಯಿತು. ಜಪಾನಿನ ಹಿನೋ ಕಂಪನಿ ತನ್ನ ಎಂಜಿನ್ನುಗಳ ಮಾಲಿನ್ಯ ಅಂಕಿಅಂಶಗಳನ್ನು ತಿರುಚಿದ್ದಾಗಿ 2022ರಲ್ಲಿ ಒಪ್ಪಿಕೊಂಡಿತು. ಅವರನ್ನು ಬಗ್ಗಿಸಿದ್ದು ಅಂಕಿಅಂಶ ಮತ್ತು ಕಾಗದಪತ್ರ. ವೈರ್ ಕತ್ತರಿಸಿಕೊಂಡು ಸುಮ್ಮನಿದ್ದಿದ್ದರೆ ಯಾವ ತಯಾರಕನೂ ಬಗ್ಗುತ್ತಿರಲಿಲ್ಲ.

ಅಗ್ಗದ ಯೂರಿಯಾದ ವಿಷಯದಲ್ಲೂ ಎಚ್ಚರ ಬೇಕು. ರೈತರಿಗೆ ಸಬ್ಸಿಡಿಯಲ್ಲಿ ಕೊಡುವ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ. ಅದನ್ನು ನೀರಿಗೆ ಕಲಸಿ ಟ್ಯಾಂಕಿಗೆ ಸುರಿದರೆ ಎಣ್ಣೆಯೂ ಲವಣಗಳೂ ನಾಝಲ್ಲಿನಲ್ಲಿ ಕಟ್ಟಿ, ಸೈಲೆನ್ಸರಿನೊಳಗಿನ ದುಬಾರಿ ಕ್ಯಾಟಲಿಸ್ಟನ್ನೇ ಕೆಡಿಸುತ್ತವೆ. 2025ರ ಮುಂಗಾರಿನಲ್ಲಿ ಕರ್ನಾಟಕದ ರೈತರು ಒಂದು ಚೀಲ ಯೂರಿಯಾಕ್ಕಾಗಿ ಸಾಲುಗಟ್ಟಿ ನಿಂತಿದ್ದರು. ಹೊಲಕ್ಕೆ ಸೇರಬೇಕಾದ್ದು ಲಾರಿಗೆ ಹೋದರೆ ಬೆಳೆಯೂ ಕೆಟ್ಟಿತು, ಎಂಜಿನ್ನೂ ಕೆಟ್ಟಿತು.

ಹೊಗೆಯ ಈ ಕಾಳಜಿ ಲಾರಿಯವರಿಗೆ ಮಾತ್ರ ಸೇರಿದ್ದಲ್ಲ. ನೀತಿ ಆಯೋಗ ಮತ್ತು ಆರ್‌ಎಂಐ ಎಂಬ ಸಂಶೋಧನಾ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದ ವಾಹನಗಳಲ್ಲಿ ಲಾರಿಗಳ ಪಾಲು ಶೇ 3. ವಾಹನಗಳಿಂದ ಹೊಮ್ಮುವ ಕಣ ಮಾಲಿನ್ಯದಲ್ಲಿ ಅವುಗಳ ಪಾಲು ಶೇ 53. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಟರ್ಮಿನಲ್‌ಗಳಲ್ಲಿ, ಲೋಡಿಂಗ್ ಜಾಗಗಳಲ್ಲಿ ರಾತ್ರಿ ಕಳೆಯುವ ಚಾಲಕರು ಮತ್ತು ಕ್ಲೀನರುಗಳು, ಹಮಾಲರು, ಹೆದ್ದಾರಿ ಪಕ್ಕದ ಹೋಟೆಲಿನವರು.

ಆದ್ದರಿಂದ ಮನವಿ ಎಲ್ಲರಲ್ಲಿ. ಹೊಸ ಲಾರಿ ಕೊಳ್ಳುವವರು ಮೈಲೇಜ್ ಮತ್ತು ಕಂತಿನ ಜೊತೆಗೆ ಇನ್ನೂ ನಾಲ್ಕು ಪ್ರಶ್ನೆ ಕೇಳಲಿ. ತಮ್ಮ ರೂಟಿನಲ್ಲಿ ಸರ್ವಿಸ್ ಸೆಂಟರ್ ಎಷ್ಟು ದೂರಕ್ಕೊಂದಿದೆ, ನಾಕ್ಸ್ ಸೆನ್ಸರಿನ ಬೆಲೆಯೆಷ್ಟು, ಯೂರಿಯಾ ವ್ಯವಸ್ಥೆಗೆ ವಾರಂಟಿ ಎಷ್ಟು ಕಾಲ, ಊರೊಳಗಿನ ನಿಧಾನ ಓಡಾಟಕ್ಕೆ ಈ ಎಂಜಿನ್ ಸರಿಹೊಂದುತ್ತದೆಯೇ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಲಿ. ತಯಾರಕರು ಸ್ಕ್ಯಾನರನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ನ್ಯಾಯವಾದ ಬೆಲೆಗೆ ಕೊಡಲಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ಚಾಲಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರಲಿ. ಸೆನ್ಸರ್ ಕೆಟ್ಟಾಗ ಲಾರಿ ಏಕಾಏಕಿ ಕುಂಟದೆ ಊರು ಸೇರುವಷ್ಟು ಅವಕಾಶವಿರಲಿ; ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2025ರ ಆಗಸ್ಟ್‌ನಲ್ಲಿ ಅಲ್ಲಿನ ತಯಾರಕರಿಗೆ ಇದನ್ನೇ ಸೂಚಿಸಿದೆ. ಬೆಂಗಳೂರಿನ ಬಾಷ್, ಡೈಮ್ಲರ್ ಟ್ರಕ್, ವೋಲ್ವೊ ಕಚೇರಿಗಳಲ್ಲಿ ಇದೇ ಕ್ಷೇತ್ರದಲ್ಲಿ ದುಡಿಯುವ ಎಂಜಿನಿಯರುಗಳು ಒಮ್ಮೆ ಲಾರಿಯಲ್ಲಿ ಕುಳಿತು ಘಾಟಿ ಹತ್ತಿ ನೋಡಲಿ. ಸಾರಿಗೆ ಇಲಾಖೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಎಂಜಿನ್ ಕಂಪ್ಯೂಟರಿನ ದಾಖಲೆ ಓದುವುದನ್ನು ಕಡ್ಡಾಯ ಮಾಡಲಿ. ಸರಕು ಕಳಿಸುವ ಕಾರ್ಖಾನೆ, ಮಂಡಿಗಳವರು ಬಾಡಿಗೆಯನ್ನು ಹಿಂಡುವ ಮುನ್ನ ಯೂರಿಯಾದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.

ಎಲ್ಲಕ್ಕಿಂತ ಮೊದಲು ಜಿಲ್ಲಾ ಲಾರಿ ಮಾಲೀಕರ ಸಂಘಗಳು ಒಂದು ಕೆಲಸ ಕೈಗೆತ್ತಿಕೊಳ್ಳಲಿ. ಸಂಘದ ಕಚೇರಿಯಲ್ಲಿ ಒಂದು ಸಾಮಾನ್ಯ ರಿಜಿಸ್ಟರ್ ತೆರೆದು ಗಾಡಿಯ ಮಾಡೆಲ್, ಎಂಜಿನ್, ಓಡಿದ ಕಿಲೋಮೀಟರ್, ಕೆಟ್ಟ ಭಾಗ, ನಿಂತ ದಿನ, ಬಿಲ್ಲಿನ ಮೊತ್ತ ಎಂದು ಆರು ಕಾಲಂ ಎಳೆದರೆ ಸಾಕು. ಬಿಲ್ಲಿನ ಫೋಟೋವನ್ನು ಸದಸ್ಯರು ವಾಟ್ಸ್‌ಆ್ಯಪಿನಲ್ಲೇ ಕಳಿಸಬಹುದು. ಆರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಮಾಡೆಲ್‌ವಾರು ಪ್ರಕಟಿಸಿ, ಒಂದೊಂದು ಪ್ರತಿಯನ್ನು ತಯಾರಕರಿಗೆ, ಸಾರಿಗೆ ಆಯುಕ್ತರಿಗೆ ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸಲಿ. ಮುಂದಿನ ಮಾಸಿಕ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುವಂತೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಸಂಘದ ಕಾರ್ಯದರ್ಶಿಗೆ ಇಂದೇ ಒಂದು ಪತ್ರ ಬರೆಯಬೇಕೆಂದು ಕಳಕಳಿಯ ವಿನಂತಿ.